ಗೋಡೆ ಏಳುವ ಮೊದಲೇ ಬಾಗಿಲು ತನ್ನಿ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಪುಟ್ಟ ತೋಟದ ಮನೆ ಇದೆ. ಬಂದವರು ಕೂರುವ ಮೊದಲೇ ಅಡುಗೆಮನೆಯ ಬಾಗಿಲನ್ನು ಬೆರಳಲ್ಲಿ ತಟ್ಟಿ, ‘ತೇಗಾನಾ?’ ಅಂತಾರೆ. ತೇಗವೇ. ಚಿಂತಾಮಣಿ ಪೇಟೆಯಲ್ಲಿ ಕೆಡವುತ್ತಿದ್ದ ಹಳೇ ಮನೆಯ ಮುಂದೆ, ಮಣ್ಣಿನ ಗುಡ್ಡೆಗೆ ಒರಗಿಸಿಟ್ಟಿದ್ದ ಜೋಡಿ ಬಾಗಿಲು ಅದು. ಹೊಸ ಫ್ಲಶ್ ಡೋರಿನ ಬೆಲೆಗೆ ಸಿಕ್ಕಿತು ಅಂತ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತೇನೆ. ಹೇಳದೆ ಬಿಡುವುದು ಒಂದೇ ಸಂಗತಿ: ಬಾಗಿಲು ತರುವ ಹೊತ್ತಿಗೆ ಗೋಡೆ ಎದ್ದಾಗಿತ್ತು. ಬಿಟ್ಟಿದ್ದ ಜಾಗ ಮೂರು ಅಡಿ, ಬಾಗಿಲುವಾಡದ, ಅಂದರೆ ಚೌಕಟ್ಟಿನ, ಅಗಲ ನಾಲ್ಕು. ಕಟ್ಟಿದ್ದನ್ನು ಒಡೆಸಿ, ಲಿಂಟಲ್ ಕೀಳಿಸಿ, ಮತ್ತೆ ಹಾಕಿಸಿದ ಕೂಲಿಯನ್ನು ಲೆಕ್ಕಕ್ಕೆ ತಗೊಂಡರೆ ಉಳಿದ ದುಡ್ಡು ಆ ಬಾಗಿಲಿನ ಚಿಲಕಕ್ಕೂ ಸಾಲದು. ಮೇಸ್ತ್ರಿ ಸೊಲ್ಲೆತ್ತದೆ ಕೆಲಸ ಮುಗಿಸಿ, ಕೈ ತೊಳೆಯುತ್ತಾ ಹೇಳಿದರು: ‘ಮೇಡಂ, ಬಾಗ್ಲಿಗೆ ತಕ್ಕಂಗೆ ಗೋಡೆ ಕಟ್ಬೋದು. ಗೋಡೆಗೆ ತಕ್ಕಂಗೆ ಹಳೇ ಬಾಗ್ಲು ಬೆಳೆಯಲ್ಲ.’

ಹಳೇ ಸಾಮಾನಿನಲ್ಲಿ ಮನೆ ಕಟ್ಟಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಇದೇ. ಹೊಸ ಸಾಮಾನಾದರೆ ನಕ್ಷೆ ಮೊದಲು, ಖರೀದಿ ಆಮೇಲೆ. ಹಳೆಯದಕ್ಕೆ ಅದು ತಿರುಗುಮುರುಗು. ಪಾಯ ಹಾಕುವ ಹೊತ್ತಿಗೇ ಬಾಗಿಲು, ಕಿಟಕಿ ನಿಮ್ಮ ಶೆಡ್ಡಿನಲ್ಲಿ ಇರಬೇಕು. ಪ್ರತಿಯೊಂದರ ಹೊರ ಅಳತೆಯನ್ನು ಕಾಗದದಲ್ಲಿ ಬರೆದು ಮೇಸ್ತ್ರಿಯ ಕೈಗೆ ಕೊಟ್ಟ ಮೇಲೆ ಗೋಡೆ ಏಳಲಿ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಈ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಅಲ್ಲಿ ಇಂಥ ಸಾಮಾನಿಗೆಂದೇ ‘ರೀಸ್ಟೋರ್’ ಎಂಬ ಅಂಗಡಿಗಳಿವೆ. ಕಡಿಮೆ ಆದಾಯದ ಕುಟುಂಬಗಳ ಜೊತೆ ಸೇರಿ ಮನೆ ಕಟ್ಟುವ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಎಂಬ ಸಂಸ್ಥೆಯವು. ಮೊದಲನೆಯದು 1991ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ತೆರೆಯಿತು. ಮರುವರ್ಷ ಅಮೆರಿಕದ ಆಸ್ಟಿನ್‌ನಲ್ಲಿ. ಮನೆ ರಿಪೇರಿ ಮಾಡಿಸಿದವರು ಮಿಕ್ಕ ಬಾಗಿಲು, ಸಿಂಕು, ಟೈಲ್ಸುಗಳನ್ನು ಅಲ್ಲಿಗೆ ದಾನ ಕೊಡುತ್ತಾರೆ. ಸ್ವಯಂಸೇವಕರು ಅವನ್ನು ಜೋಡಿಸಿ ಅಗ್ಗಕ್ಕೆ ಮಾರುತ್ತಾರೆ. ಬಂದ ಹಣ ಮತ್ತೊಂದು ಮನೆಗೆ ಹೋಗುತ್ತದೆ. ಇವತ್ತು ಇದ್ದದ್ದು ನಾಳೆ ಇರುವುದಿಲ್ಲವಾದ್ದರಿಂದ ಅಲ್ಲಿನವರೂ ಟೇಪು ಜೇಬಲ್ಲಿಟ್ಟುಕೊಂಡು ವಾರವಾರ ಹೋಗಿ ನೋಡುತ್ತಾರಂತೆ.

ನಮ್ಮ ಕಡೆ ಆ ಬೋರ್ಡು ನಾನು ಕಂಡಿಲ್ಲ. ಆದರೆ ಸಾಮಾನಿಗೇನೂ ಬರವಿಲ್ಲ. ಅದು ಒಂದು ಸೂರಿನಡಿ ಇಲ್ಲ, ಅಷ್ಟೇ.

ಎಲ್ಲಿ ಹುಡುಕುವುದು

ಎಲ್ಲರೂ ಮೊದಲು ಹೋಗುವುದು ‘ಹಳೇ ಬಾಗಿಲು, ಕಿಟಕಿ ಕೊಳ್ಳಲಾಗುವುದು, ಮಾರಲಾಗುವುದು’ ಎಂಬ ಬೋರ್ಡಿನ ಅಂಗಡಿಗೆ. ನೀವು ಅಲ್ಲಿಗೆ ಕೊನೆಯಲ್ಲಿ ಹೋಗಿ. ಆ ಅಂಗಡಿಯವರೂ ಸಾಮಾನು ತರುವುದು ಕೆಡವುವ ಜಾಗದಿಂದಲೇ. ಹಳೇ ಮನೆ ಕೆಡವುವ ಕಂಟ್ರಾಕ್ಟರು ಸಾಮಾನ್ಯವಾಗಿ ಮನೆಯವರಿಗೆ ಒಂದಿಷ್ಟು ದುಡ್ಡು ಕೊಟ್ಟು, ಇಲ್ಲವೇ ಕೂಲಿ ತಗೊಳ್ಳದೆ, ಸಾಮಾನೆಲ್ಲ ತನ್ನದು ಎಂದು ಮಾತಾಡಿಕೊಂಡಿರುತ್ತಾನೆ. ಅವನಿಗೆ ಜಾಗ ಬೇಗ ಖಾಲಿಯಾಗಬೇಕು, ಇಟ್ಟುಕೊಳ್ಳಲು ಗೋಡೌನಿಲ್ಲ. ಆ ಎರಡು ಮೂರು ದಿನದಲ್ಲಿ ಅಲ್ಲೇ ನಿಂತು ಕೇಳಿದವರಿಗೆ ಒಂದು ರೇಟು, ಲಾರಿ ಹತ್ತಿ ಅಂಗಡಿ ಸೇರಿದ ಮೇಲೆ ಇನ್ನೊಂದು ರೇಟು.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಬಾಗಿಲು ಗೋಡೆಯಲ್ಲಿ ಇರುವಾಗಲೇ ನೋಡಬಹುದು. ಯಾವುದು ಬಚ್ಚಲಿಗೆ ತಾಗಿಕೊಂಡಿತ್ತು, ಯಾವುದಕ್ಕೆ ಮಳೆ ಹೊಡೆಯುತ್ತಿತ್ತು, ಎಲ್ಲಿ ಗೆದ್ದಲಿನ ಮಣ್ಣು ಹತ್ತಿದೆ, ಎಲ್ಲವೂ ಕಣ್ಣೆದುರೇ ಇರುತ್ತದೆ. ಅಂಗಡಿಯಲ್ಲಿ ಬಣ್ಣ ಬಳಿದು ನಿಲ್ಲಿಸಿದ ಬಾಗಿಲು ಯಾವ ಗುಟ್ಟೂ ಬಿಡುವುದಿಲ್ಲ.

ಸುದ್ದಿ ಹೇಗೆ ಸಿಗುತ್ತದೆ? ಜೆಸಿಬಿ ಓಡಿಸುವವರು, ಗಾರೆ ಕೆಲಸದವರು, ಬಡಗಿಗಳು. ಈ ಮೂವರಲ್ಲಿ ಒಬ್ಬರಿಗಾದರೂ ‘ಯಾವುದಾದ್ರೂ ಹಳೇ ಮನೆ ಬೀಳೋದಿದ್ರೆ ಹೇಳಿ’ ಅಂತ ನಂಬರು ಕೊಟ್ಟಿಡಿ. ರಸ್ತೆ ಅಗಲ ಮಾಡಲು ಗುರುತು ಹಾಕಿದ ಬೀದಿಯಲ್ಲಿ ಒಮ್ಮೆ ನಡೆದು ಬನ್ನಿ. ಹಳೇ ಶಾಲಾ ಕಟ್ಟಡವನ್ನೋ ಸರ್ಕಾರಿ ವಸತಿಗೃಹವನ್ನೋ ಕೆಡವುವಾಗ ಸಾಮಾನು ಬಹಿರಂಗ ಹರಾಜಿಗೆ ಬರುತ್ತದೆ. ನೋಟಿಸನ್ನು ಕಚೇರಿಯ ಬೋರ್ಡಿಗೆ ಅಂಟಿಸಿರುತ್ತಾರೆ. ಠೇವಣಿ ಕಟ್ಟಿ ಇಡೀ ಕಟ್ಟಡವನ್ನೇ ಕೂಗಬೇಕಾದ್ದರಿಂದ ಎರಡು ಕಿಟಕಿ ಬೇಕಾದವರಿಗೆ ಹರಾಜು ತಕ್ಕದ್ದಲ್ಲ. ಹರಾಜು ಯಾರ ಹೆಸರಿಗಾಯಿತೆಂದು ತಿಳಿದುಕೊಂಡು ಸಂಜೆ ಅವರನ್ನು ಹಿಡಿಯಿರಿ.

ಕಾಲವನ್ನೂ ನೋಡಿ. ಆಷಾಢದಲ್ಲಿ ನಮ್ಮ ಕಡೆ ಹೊಸ ಮನೆಗೆ ಕೈ ಹಾಕುವವರು ಕಡಿಮೆ. ಕೊಳ್ಳುವವರಿಲ್ಲದ ಆ ತಿಂಗಳಲ್ಲಿ ನನ್ನ ಚೌಕಾಸಿ ಎಂದೂ ಇಲ್ಲದಷ್ಟು ಚೆನ್ನಾಗಿ ನಡೆದಿದೆ. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡಿದರೆ ಇನ್ನೂ ಒಂದಿಷ್ಟು ಇಳಿಯುತ್ತದೆ. ಇದು ಲೆಕ್ಕಕ್ಕೆ ಸಿಗುವ ಮಾತಲ್ಲ, ಆದರೆ ಬಾಗೇಪಲ್ಲಿ, ಚಿಂತಾಮಣಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೋಗುವಾಗ ಏನಿರಬೇಕು

ಉಕ್ಕಿನ ಟೇಪು, ದಬ್ಬಳ, ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ, ನೀರಿನ ಬಾಟಲಿ, ಟಾರ್ಚು. ಸಾಧ್ಯವಾದರೆ ನಿಮ್ಮ ಬಡಗಿ ಆಚಾರ್ರು. ಅವರ ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ. ನಮ್ಮ ಆಚಾರ್ರು ಬಾಗಿಲನ್ನು ನೋಡುವುದಕ್ಕಿಂತ ಮೊದಲು ಒಂದು ಮೂಲೆ ಹಿಡಿದು ಎತ್ತಿ ತೂಕ ನೋಡುತ್ತಾರೆ. ಹಗುರವಾಗಿದ್ದರೆ ಮಾತೇ ಆಡುವುದಿಲ್ಲ, ಮುಂದಿನದಕ್ಕೆ ಹೋಗುತ್ತಾರೆ.

ಮರ

ಹಳೇ ಮನೆಯ ದೊಡ್ಡ ಆಸ್ತಿ ಮರವೇ. ತೇಗ, ಹೊನ್ನೆ, ಮತ್ತಿ, ಬೇವು, ಹಲಸು, ಹೀಗೆ ಆ ಮನೆಯವರ ಕೈಗೆ ಎಟುಕಿದ್ದು ಸಿಗುತ್ತದೆ. ಹತ್ತಾರು ವರ್ಷ ಒಣಗಿದ ಮರ ಇನ್ನು ಸೊಟ್ಟಗಾಗುವುದು ಕಡಿಮೆ. ಹೊಸ ಹಸಿ ಮರದ ಚೌಕಟ್ಟು ಮೊದಲ ಬೇಸಿಗೆಯಲ್ಲೇ ಬಾಗಿ ಬಾಗಿಲು ಕಚ್ಚಿಕೊಂಡಿದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಮೊದಲು ಬುಡ ನೋಡಿ. ಬಾಗಿಲುವಾಡ, ಕೆಲವರ ಬಾಯಲ್ಲಿ ವಾಸಕಾಲು, ಹಾಳಾಗುವುದು ಕೆಳಗಿನ ಒಂದು ಅಡಿಯಲ್ಲಿ. ನೆಲದ ತೇವ, ತೊಳೆದ ನೀರು, ಗೆದ್ದಲು ಎಲ್ಲ ಅಲ್ಲಿಂದಲೇ ಹತ್ತುತ್ತವೆ. ದಬ್ಬಳವನ್ನು ನಾಲ್ಕೈದು ಕಡೆ ಒತ್ತಿ. ತುದಿ ಮಾತ್ರ ಇಳಿದರೆ ಸರಿ, ಬೆಣ್ಣೆಗೆ ಚುಚ್ಚಿದಂತೆ ಹೋದರೆ ಬಿಟ್ಟುಬಿಡಿ. ಗೋಡೆಗೆ ಅಂಟಿಕೊಂಡಿದ್ದ ಹಿಂಬದಿಯನ್ನು ತಿರುಗಿಸಿ ನೋಡಿ. ಬಣ್ಣ ಕಾಣದ ಆ ಬದಿಯಲ್ಲಿ ಮರದ ನಿಜಬಣ್ಣ, ಎಳೆ, ಹುಳು ಕೊರೆದ ಸಣ್ಣ ತೂತು ಎಲ್ಲ ಕಾಣುತ್ತವೆ. ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಎಂದೇ ತಿಳಿಯಿರಿ.

ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟು. ಒಂದು ಅಂಗಡಿಯಲ್ಲಿ ಮಿರಮಿರ ಮಿಂಚುವ ಹಸಿರು ಕಿಟಕಿ ಕೊಂಡೆ. ‘ಅಕ್ಕಾ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ’ ಅಂದಿದ್ದರು. ಮನೆಗೆ ತಂದು ಕೀಸಲು ಶುರು ಮಾಡಿದರೆ ಕೆಳಗಿನ ಪಟ್ಟಿಯ ಅರ್ಧ ಭಾಗ ಮರವೇ ಅಲ್ಲ, ಪುಟ್ಟಿ. ಗೆದ್ದಲು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದಿದ್ದರು. ಅಂದಿನಿಂದ ಹೊಸ ಬಣ್ಣ ಕಂಡರೆ ನನಗೆ ಅನುಮಾನ. ಬಣ್ಣ ಕಿತ್ತುಹೋಗಿರುವುದನ್ನೇ ಆರಿಸುತ್ತೇನೆ. ಬಳಿದದ್ದೇ ಬೇಕಾದರೆ ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಸದ್ದು ಬದಲಾದ ಕಡೆ ದಬ್ಬಳ ಹಾಕಿ.

ಚೌಕಟ್ಟು ಮೂಲೆಮಟ್ಟವಾಗಿದೆಯೇ ಎಂದು ತಿಳಿಯಲು ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆಯಿಂದ ಅಳೆಯಿರಿ. ಎರಡೂ ಅಳತೆ ಒಂದೇ ಇರಬೇಕು. ಕಾಲಿಂಚು ಹೆಚ್ಚುಕಡಿಮೆ ಇದ್ದರೆ ಆಚಾರ್ರು ಸರಿಮಾಡುತ್ತಾರೆ, ಒಂದಿಂಚಾದರೆ ಬೇಡ. ಬಾಗಿಲು ಎಡಕ್ಕೆ ತೆರೆಯುತ್ತದೋ ಬಲಕ್ಕೋ ಎಂಬುದನ್ನು ನೋಡಿಕೊಳ್ಳಿ. ಎತ್ತರವನ್ನಂತೂ ಮರೆಯಲೇಬೇಡಿ. ಈಗಿನ ಬಾಗಿಲು ಏಳು ಅಡಿ. ಹಳೇ ಮನೆಗಳಲ್ಲಿ ತಲೆ ಬಗ್ಗಿಸಿ ಒಳಗೆ ಬರಲೆಂದೇ ಐದೂವರೆ, ಆರು ಅಡಿ ಇಡುತ್ತಿದ್ದರು. ನಮ್ಮ ಜೋಡಿ ಬಾಗಿಲು ಆರೂಕಾಲು ಅಡಿ. ಮೇಲೆ ಒಂದು ಗಾಳಿಕಿಂಡಿ ಕೂರಿಸಿ ಲಿಂಟಲ್ಲಿಗೆ ಸಮ ಮಾಡಿದೆವು. ಆದರೂ ನಮ್ಮ ಯಜಮಾನರು ತಿಂಗಳಿಗೊಮ್ಮೆ ಹಣೆ ಬಡಿದುಕೊಂಡು ಯಾರ ಮೇಲೋ ಸಿಟ್ಟಾಗುತ್ತಾರೆ.

ಬೆಲೆಯ ಲೆಕ್ಕ ಹೀಗೆ. ಮರ ಮಾರುವುದು ಘನ ಅಡಿಯಲ್ಲಿ, ಎಲ್ಲರೂ ಸಿಎಫ್‌ಟಿ ಅನ್ನುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಏಳು ಅಡಿಯ ಎರಡು ಕಾಲು, ನಾಲ್ಕು ಅಡಿಯ ತಲೆಪಟ್ಟಿ, ನಾಲ್ಕು ಅಡಿಯ ಹೊಸ್ತಿಲು, ಒಟ್ಟು 22 ಅಡಿ. ಮರ 5 ಇಂಚು ಅಗಲ, 3 ಇಂಚು ದಪ್ಪವಿದ್ದರೆ 22×5×3, ಅಂದರೆ 330. ಅದನ್ನು 144ರಿಂದ ಭಾಗಿಸಿದರೆ ಎರಡೂಕಾಲು ಸಿಎಫ್‌ಟಿಯ ಮೇಲೆ ಚೂರು. ಹಳೇ ಸಾಮಾನಿನವರು ಸಾಮಾನ್ಯವಾಗಿ ‘ಸೆಟ್ಟಿಗಿಷ್ಟು’ ಅಂತಾರೆ. ನೀವು ಮನಸ್ಸಲ್ಲೇ ಇದನ್ನು ಹಾಕಿಕೊಂಡು, ಅದೇ ಜಾತಿಯ ಹೊಸ ಮರದ ರೇಟಿಗೆ ಹೋಲಿಸಿ. ನನ್ನ ಮಟ್ಟಿಗೆ ಹೊಸದರ ಅರ್ಧ ದಾಟಿದರೆ ಬೇಡ. ಸಾಗಣೆ, ಕೀಸುವ ಕೂಲಿ, ಹೊಸ ಕೀಲು, ಚಿಲಕ ಇನ್ನೂ ಮುಂದಿವೆ.

ತೊಲೆ, ಜಂತೆ ಕೊಂಡು ಹಲಗೆ ಕೊಯ್ಸುವ ಯೋಚನೆ ಇದ್ದರೆ ಮೊದಲು ಸಾಮಿಲ್ಲಿನವರನ್ನು ಕೇಳಿ. ಹಳೇ ಮರದಲ್ಲಿ ಮೊಳೆ ಮುರಿದು ಒಳಗೇ ಉಳಿದಿರುತ್ತದೆ, ಗರಗಸದ ಅಲಗು ಹಾಳಾಗುತ್ತದೆ ಎಂದು ಹಲವರು ಮುಟ್ಟುವುದೇ ಇಲ್ಲ. ಅಯಸ್ಕಾಂತ ಹೊತ್ತು ಹೋಗಬೇಕೆಂದದ್ದು ಇದಕ್ಕೇ.

ಹೊಸ್ತಿಲಿನ ವಿಷಯ ಒಂದು ಮಾತು. ‘ಬೇರೆಯವರ ಮನೆ ಹೊಸ್ತಿಲು ನಮಗೆ ಆಗಿಬರಲ್ಲ’ ಎಂದು ಮನೆಯಲ್ಲಿ ಹಿರಿಯರು ಹೇಳಿದರೆ ವಾದಕ್ಕೆ ಇಳಿಯಬೇಡಿ. ತಲೆಬಾಗಿಲು ಹೊಸ ಮರದ್ದು ಮಾಡಿಸಿ, ಅದಕ್ಕೇ ಪೂಜೆ ಆಗಲಿ. ಒಳಗಿನ ಬಾಗಿಲು, ಕಿಟಕಿಗಳಿಗೆ ಯಾರ ತಕರಾರೂ ಇರುವುದಿಲ್ಲ. ನಮ್ಮತ್ತೆ ಹೀಗೇ ಒಪ್ಪಿದ್ದು.

ಕಲ್ಲು

ನಮ್ಮ ಜಿಲ್ಲೆಯವರಿಗೆ ಇದೊಂದು ಬೇರೆ ಕಡೆ ಸುಲಭಕ್ಕೆ ಸಿಗದ ಭಾಗ್ಯ. ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ಕಲ್ಲು ಚಪ್ಪಡಿಯನ್ನೇ ಸೂರಿಗೆ ಹೊದಿಸಿದ ಮನೆಗಳಿದ್ದವು, ಇನ್ನೂ ಇವೆ. ಅವು ಬಿದ್ದಾಗ ಚಪ್ಪಡಿಗೆ ವಯಸ್ಸೇ ಆಗಿರುವುದಿಲ್ಲ. ಜಗಲಿಗೆ, ಬಚ್ಚಲಿಗೆ, ಬಟ್ಟೆ ಒಗೆಯುವ ಕಲ್ಲಿಗೆ, ಸಂಪಿನ ಮುಚ್ಚಳಕ್ಕೆ, ಅಂಗಳಕ್ಕೆ ಹಾಸಲು ಬೇಕಾದಷ್ಟು ಉಪಯೋಗ.

ದ್ರಾಕ್ಷಿ ತೋಟದ ಕಂಬ ಇನ್ನೊಂದು. ಚಪ್ಪರಕ್ಕೆ ಸಾಲುಸಾಲಾಗಿ ನೆಟ್ಟ ಕಲ್ಲುಕಂಬಗಳು ತೋಟ ಕಿತ್ತ ಮೇಲೆ ಬದುವಿನಲ್ಲಿ ರಾಶಿ ಬೀಳುತ್ತವೆ. ರೇಟು ಕುಸಿದೋ ನೀರು ಬತ್ತಿಯೋ ದ್ರಾಕ್ಷಿ ಬಿಟ್ಟವರ ತೋಟದಲ್ಲಿ ಕೇಳಿದರೆ ಸಿಗುತ್ತವೆ. ದನದ ಕೊಟ್ಟಿಗೆಗೆ, ಬೇಲಿಗೆ, ಶೆಡ್ಡಿಗೆ ಇದಕ್ಕಿಂತ ಗಟ್ಟಿ ಕಂಬ ಬೇರಿಲ್ಲ. ಕೇಳುವಾಗ ಸ್ವಲ್ಪ ಮೆತ್ತಗೆ ಕೇಳಿ. ತೋಟ ಕಿತ್ತವರಿಗೆ ಆ ರಾಶಿ ಬರೀ ಕಲ್ಲಲ್ಲ.

ಕಲ್ಲಿನ ಪರೀಕ್ಷೆ ಸುಲಭ. ಸುತ್ತಿಗೆಯಿಂದ ತಟ್ಟಿದರೆ ಖಣ್ ಎನ್ನಬೇಕು, ಡಬ್ ಎಂದರೆ ಒಳಗೆ ಬಿರುಕು. ಕಣ್ಣಿಗೆ ಕಾಣದ ಸೀಳಿಗೆ ನೀರು ಚೆಲ್ಲಿ ಐದು ನಿಮಿಷ ಕಾಯಿರಿ. ಮೇಲ್ಮೈ ಒಣಗುತ್ತಾ ಬಂದಾಗ ಬಿರುಕು ಮಾತ್ರ ಕಪ್ಪು ಗೆರೆಯಾಗಿ ಉಳಿಯುತ್ತದೆ.

ತೂಕ ಮರೆತರೆ ಕೆಟ್ಟಿರಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೂರಿಂಚು ದಪ್ಪದ ಚಪ್ಪಡಿಯಲ್ಲಿ ಮೂರು ಘನ ಅಡಿ ಇರುತ್ತದೆ, ಅಂದರೆ 225 ಕಿಲೋ. ಮುಕ್ಕಾಲು ಟನ್ ಹೊರುವ ಟಾಟಾ ಏಸ್‌ಗೆ ಮೂರೇ ಚಪ್ಪಡಿ. ‘ಹತ್ತು ಹಾಕ್ಬಿಡೋಣ ಬಿಡಕ್ಕಾ’ ಎನ್ನುವ ಡ್ರೈವರಿನ ಮಾತು ಕೇಳಬೇಡಿ, ಟ್ರ್ಯಾಕ್ಟರ್ ತರಿಸಿ. ಎತ್ತಿ ಇಳಿಸುವ ಕೂಲಿಯನ್ನು ಬೆಲೆ ಮಾತಾಡುವಾಗಲೇ ಸೇರಿಸಿ ಮಾತಾಡಿ.

ಕಲ್ಲಿನ ಮೇಲೆ ಅಕ್ಷರವೋ ಕೆತ್ತನೆಯೋ ಕಂಡರೆ ಅಲ್ಲಿಗೆ ನಿಲ್ಲಿಸಿ. ಶಾಸನ, ವೀರಗಲ್ಲು, ಗುಡಿಯ ಕಂಬ ನಮ್ಮ ಹೊಲಗಳಲ್ಲಿ ಈಗಲೂ ಸಿಗುತ್ತವೆ. ಇಂಥ ಪುರಾತನ ವಸ್ತುಗಳ ಮಾರಾಟಕ್ಕೆ 1972ರ ಕಾಯ್ದೆಯ ಕಟ್ಟುಪಾಡಿದೆ. ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಶಾಸನ ಮಲಗಿರುವುದು ಸಾಕಷ್ಟಾಗಿದೆ, ನೀವು ಇನ್ನೊಂದು ಸೇರಿಸಬೇಡಿ.

ಹೆಂಚು, ಇಟ್ಟಿಗೆ

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಮಾದರಿಯನ್ನು ಹತ್ತಾರು ಕಾರ್ಖಾನೆಗಳು ಮಾಡಿದವು. ಎಲ್ಲವೂ ‘ಮಂಗಳೂರು ಹೆಂಚು’, ಆದರೆ ಎಲ್ಲದರ ಅಳತೆ ಒಂದೇ ಅಲ್ಲ. ಎರಡು ಮನೆಯ ಹೆಂಚು ಬೆರೆಸಿ ತಂದು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ: ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರಲೇ ಇಲ್ಲ, ಮೊದಲ ಮಳೆಗೆ ಹಾಸಿಗೆಯ ಮೇಲೆ ನೀರು. ಬೆನ್ನ ಮೇಲಿನ ಮುದ್ರೆ ಓದಿ, ಒಂದೇ ಮುದ್ರೆಯವನ್ನು ಒಂದೇ ಮನೆಯಿಂದ ಕೊಳ್ಳಿ. ರೀಪರ್, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಹೊಡೆಸುವುದಕ್ಕಿಂತ ಮೊದಲು ಹತ್ತು ಹೆಂಚನ್ನು ನೆಲದ ಮೇಲೆ ಜೋಡಿಸಿ, ರೀಪರಿನ ನಡುವೆ ಎಷ್ಟು ಅಂತರ ಬೇಕೆಂದು ಅಳೆದುಕೊಳ್ಳಿ. ನೂರು ಚದರ ಅಡಿ ಇಳಿಜಾರಿಗೆ ಸುಮಾರು 150 ಹೆಂಚು ಹಿಡಿಯಿರಿ. ದಾರಿಯಲ್ಲಿ ಒಡೆಯುವುದಕ್ಕೆ ಹತ್ತಕ್ಕೊಂದು ಹೆಚ್ಚಿಗೆ. ರೀಪರಿಗೆ ಸಿಕ್ಕಿಕೊಳ್ಳುವ ಹಿಂದಿನ ಮೂಗು ಮುರಿದಿರಬಾರದು. ಪಾಚಿ ಕಟ್ಟಿದ್ದರೆ ಚಿಂತೆಯಿಲ್ಲ, ಬ್ರಷ್ಷಿಗೆ ಹೋಗುತ್ತದೆ.

ಅಂಚು ಮುಕ್ಕಾದ ಹೆಂಚನ್ನೂ ಎಸೆಯಬೇಕಿಲ್ಲ. ಆರ್‌ಸಿಸಿ ಸೂರಿನ ಅಡಿಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕಡೆ ಹಳೇ ಹೆಂಚು ತುಂಬಿ ಸಿಮೆಂಟು, ಕಬ್ಬಿಣ ಉಳಿಸುವ ಪದ್ಧತಿಯನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮಾಡಿ ತೋರಿಸಿದರು. ಅದಕ್ಕೆ ತಿಳಿದ ಎಂಜಿನಿಯರು ಬೇಕು, ಮೇಸ್ತ್ರಿಯ ಅಂದಾಜಿಗೆ ಬಿಡುವಂಥದ್ದಲ್ಲ.

ಇಟ್ಟಿಗೆಗೆ ಹೊಸದಾದರೆ ಮಾಲೂರು ಹತ್ತಿರವೇ ಇದೆ. ಹಳೆಯದು ಬೇಕೆಂದರೆ ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಗೋಡೆಯದ್ದನ್ನು ಕೊಳ್ಳಿ, ತಟ್ಟಿದರೆ ಬಿಡಿಬಿಡಿಯಾಗಿ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದು ಇಟ್ಟಿಗೆ ಒಡೆದೇ ಬರುವುದು. ಒಂದನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ಐದರಲ್ಲೊಂದು ಪಾಲಿಗಿಂತ ತೂಕ ಏರಿದ್ದರೆ ಅದು ಗೋಡೆಗೆ ಸಲ್ಲದು.

ಅಗ್ಗ ಸಿಕ್ಕರೂ ತರಬಾರದ್ದು

ಬಿದ್ದ ಸೂರಿನಿಂದ ತೆಗೆದು ನೆಟ್ಟಗೆ ಮಾಡಿದ ಕಂಬಿಯನ್ನು ಪಿಲ್ಲರಿಗೆ, ಬೀಮಿಗೆ, ಸೂರಿಗೆ ಹಾಕಬೇಡಿ. ಬಗ್ಗಿಸಿ ನೆಟ್ಟಗೆ ಮಾಡಿದ, ತುಕ್ಕು ತಿಂದ ಕಂಬಿಯ ಶಕ್ತಿ ಎಷ್ಟು ಉಳಿದಿದೆಯೆಂದು ಕಣ್ಣಲ್ಲಿ ಹೇಳಲಾಗದು. ಹಳೇ ಕರೆಂಟ್ ವೈರು, ಸ್ವಿಚ್ಚು ಬೇಡ. ಗೋಡೆಯೊಳಗೆ ಹೂತುಹೋಗುವ ಪೈಪು ಬೇಡ. ಒಟ್ಟಿನಲ್ಲಿ ಕಣ್ಣಿಗೆ ಕಾಣುವುದು, ನಾಳೆ ಬಿಚ್ಚಿ ಬದಲಿಸಬಹುದಾದದ್ದು ಹಳೆಯದಿರಲಿ. ಒಳಗೆ ಅಡಗುವುದು ಹೊಸದಿರಲಿ. ಹಳೇ ಬೂದು ಬಣ್ಣದ ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಮುರಿದಾಗ, ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ವಾಷ್ ಬೇಸಿನ್ನು ಆಗಬಹುದು. ಹಿತ್ತಾಳೆ ನಲ್ಲಿಯಂತೂ ಈಗಿನದಕ್ಕಿಂತ ವಾಸಿ, ವಾಷರ್ ಬದಲಿಸಿಕೊಳ್ಳಿ.

ಮನೆಗೆ ತಂದ ಮೇಲೆ

ಮರ ಕೊಂಡಾಗ ಚೀಟಿ ಬರೆಸಿಕೊಳ್ಳಿ: ಯಾರಿಂದ, ಯಾವ ಮನೆಯದ್ದು, ಎಷ್ಟು ಬಾಗಿಲು, ಎಷ್ಟು ಜಂತೆ. ಕೆಡವುವ ಮೊದಲು ಮನೆಯಲ್ಲೇ ತೆಗೆದ ಫೋಟೊ ಮೊಬೈಲಿನಲ್ಲಿರಲಿ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಈ ಮರ ಎಲ್ಲಿಯದೆಂದು ಕೇಳಿದರೆ ತೋರಿಸಲು ಏನಾದರೂ ಬೇಕು.

ಹಳೇ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ದಾಟಬಾರದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಿಂದಿನ ಬಾಗಿಲಿನ ಮೇಲೆ ಎಷ್ಟಿದೆಯೋ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿಸಿ, ಮೂಗಿಗೆ ಮಾಸ್ಕು ಹಾಕಿಸಿ, ಚಿಕ್ಕ ಮಕ್ಕಳನ್ನು ಆ ಕಡೆ ಬಿಡಬೇಡಿ, ಉದುರಿದ ಚಕ್ಕೆಯನ್ನು ಗುಡಿಸಿ ಚೀಲಕ್ಕೆ ತುಂಬಿ. ಗೋಡೆಗೆ ತಾಗುವ ಬದಿಗೆ ಎರಡು ಕೋಟು ಗೇರೆಣ್ಣೆ ಬಳಿಯಿರಿ. ಕೈಗೆ ಗ್ಲೌಸ್ ಇಲ್ಲದೆ ಮುಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಕೂರಿಸುವವರೆಗೆ ಬಾಗಿಲುಗಳನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಮಲಗಿಸಿಡಿ, ಗೋಡೆಗೆ ಓರೆಯಾಗಿ ನಿಲ್ಲಿಸಬೇಡಿ. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಅಳತೆ ಬರೆದು, ಯಾವ ಕೋಣೆಗೆಂದು ಗುರುತು ಮಾಡಿ.

ನಮ್ಮಲ್ಲಿ ಅರವತ್ತು ಹೆಂಚು, ಒಂದು ಹೊನ್ನೆ ಕಿಟಕಿ ಇನ್ನೂ ಉಳಿದಿವೆ. ಕಿಟಕಿಯ ಹೊರ ಅಳತೆ ಮೂರು ಅಡಿ ಎರಡಿಂಚು ಅಗಲ, ನಾಲ್ಕು ಅಡಿ ಒಂದಿಂಚು ಎತ್ತರ, ಬುಡಕ್ಕೆ ದಬ್ಬಳ ಹಾಕಿ ನೋಡಿಯಾಗಿದೆ. ಪಕ್ಕದ ತೋಟದವರು ಕೇಳಿದ್ದರು. ಅವರ ಗೋಡೆ ಎದ್ದಾಗಿದೆ, ಕೊಡಲಿಲ್ಲ.